ನಿಮ್ಮದೇ ನಾಯಿ ಆಗಿದ್ರೆ ಏನ್ ಮಾಡ್ತಿದ್ರಿ?

ಪಶುವೈದ್ಯೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪ್ರಾಣಿಗಳಿಗೆ ಮಾತು ಬರಲ್ಲ, ಏನಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೂ ಅದೇ ದೊಡ್ಡ ಕಷ್ಟ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಪ್ರಾಣಿಯ ಮೈ ಸಾಕಷ್ಟು ಹೇಳುತ್ತದೆ. ನಾವು ನೋಡುವುದಕ್ಕೆ ಸಮಯ ಕೊಡಬೇಕು, ಅಷ್ಟೇ. ನನ್ನ ನಿದ್ದೆ ಕೆಡಿಸಿದ್ದೆಲ್ಲ ಮಾತು ಬರುವವರು ಕೇಳಿದ ಪ್ರಶ್ನೆಗಳು. ಅದರಲ್ಲೂ ಒಂದು ಪ್ರಶ್ನೆ ಇಷ್ಟು ವರ್ಷವಾದರೂ ಸುಲಭವಾಗಿಲ್ಲ. "ಮೇಡಂ, ನಿಮ್ಮದೇ ನಾಯಿ ಆಗಿದ್ರೆ ಏನ್ ಮಾಡ್ತಿದ್ರಿ?" ಅದರ ಬಗ್ಗೆಯೇ ಬರೆಯಬೇಕು ಅಂತ ಕೂತಿದ್ದೇನೆ. ಆದರೆ ಅಲ್ಲಿಗೆ ಬರುವ ಮೊದಲು ಈ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳಬೇಕು.

ಹಸುವಿನ ಹತ್ತಿರ ಹೋಗುವ ಮೊದಲು ನಾನು ಸ್ವಲ್ಪ ದೂರದಲ್ಲೇ ನಿಲ್ಲುತ್ತೇನೆ. ಕರೆಸಿದವರಿಗೆ ಇದು ಕಿರಿಕಿರಿ. ಡಾಕ್ಟ್ರು ಬಂದು ಸುಮ್ನೆ ನಿಂತಿದ್ದಾರಲ್ಲ ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಕಾಣುವುದು ಆಮೇಲೆ ಕಾಣುವುದಿಲ್ಲ. ಹತ್ತಿರ ಹೋದರೆ ಹಸು ಹೆದರುತ್ತದೆ, ಉಸಿರು ಜೋರಾಗುತ್ತದೆ, ನಿಲ್ಲುವ ರೀತಿಯೇ ಬದಲಾಗುತ್ತದೆ. ದೂರದಿಂದ ನೋಡಿದರೆ ಬೆನ್ನು ಬಾಗಿದೆಯಾ, ಯಾವ ಕಾಲಿನ ಮೇಲೆ ಭಾರ ಬಿಡುತ್ತಿಲ್ಲ, ಕಿವಿ ಆಡುತ್ತಿದೆಯಾ, ಎಲ್ಲ ಗೊತ್ತಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೆಲುಕು ಹಾಕುತ್ತಿದೆಯಾ? ಚೆನ್ನಾಗಿರುವ ಹಸು ದಿನಕ್ಕೆ 7–8 ಗಂಟೆ ಮೆಲುಕು ಹಾಕುತ್ತದೆ. ಅದು ನಿಂತಿತು ಅಂದರೆ ಒಳಗೆ ಏನೋ ಸರಿಯಿಲ್ಲ. ಆಮೇಲೆ ಹತ್ತಿರ ಹೋಗಿ ಎಡ ಪಕ್ಕೆಗೆ ಸ್ಟೆತಾಸ್ಕೋಪ್ ಇಡುತ್ತೇನೆ. ದೊಡ್ಡ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಹೊರಳುವ ಸದ್ದು ಕೇಳಬೇಕು. ಮೈ ಶಾಖ 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಮನುಷ್ಯರಿಗೆ ಅದು ಜ್ವರ, ಹಸುವಿಗೆ ಅದೇ ಸರಿ.

ಬೆಕ್ಕಿನದು ಬೇರೆ ಕಥೆ. ನೋವಾದಷ್ಟೂ ಬೆಕ್ಕು ಸುಮ್ಮನಾಗುತ್ತದೆ. ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಮನೆಯವರು "ಯಾಕೋ ತುಂಬಾ ಸಾಧುವಾಗಿದೆ" ಅಂತ ಖುಷಿಪಡುತ್ತಿರುತ್ತಾರೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ವಿಧಾನ ಪ್ರಕಟಿಸಿದರು. ಕಿವಿ ಹೇಗಿದೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯಾ, ಮೀಸೆ ಯಾವ ಕಡೆ ತಿರುಗಿದೆ, ತಲೆ ಭುಜಕ್ಕಿಂತ ಕೆಳಗಿದೆಯಾ, ಈ ಐದನ್ನು ನೋಡಿ ಅಂಕ ಕೊಡುವುದು. ಅದು ಬಂದ ಮೇಲೆ ನನ್ನ ಕಣ್ಣೇ ಬದಲಾಯಿತು ಅಂತ ಹೇಳಬಹುದು. ಮೊದಲು "ಸುಮ್ನೆ ಕೂತಿದೆ" ಅಂತ ಕಾಣುತ್ತಿದ್ದ ಬೆಕ್ಕು ಈಗ ನೋವು ತಿನ್ನುತ್ತಾ ಕೂತಿರುವುದು ಕಾಣುತ್ತದೆ. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಈ ಐದನ್ನು ನೆನಪಿಟ್ಟುಕೊಳ್ಳಿ. ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಇನ್ನು ಕಾಯಿಲೆ ಯಾವಾಗಿಂದ ಅಂತ ಕೇಳುವುದು. ಇಲ್ಲಿ ನಾನು ಕಲಿತದ್ದು ಒಂದೇ. ಮುಂದೆ ನಿಂತು ಮಾತಾಡುವವರನ್ನಲ್ಲ, ಊಟ ಹಾಕುವವರನ್ನು ಕೇಳಬೇಕು. "ನಿನ್ನೆಯಿಂದ ಅಷ್ಟೇ ಮೇಡಂ" ಅಂತ ಯಜಮಾನರು ಹೇಳುತ್ತಿರುವಾಗ ಹಿಂದೆ ನಿಂತ ಅಜ್ಜಿಯ ಮುಖ ನೋಡಿದರೆ ಸಾಕು. "ಇಲ್ಲಮ್ಮ, ಸೋಮವಾರದಿಂದಲೇ ನೀರು ಜಾಸ್ತಿ ಕುಡೀತಿತ್ತು" ಅಂತ ಮೆಲ್ಲಗೆ ಬರುತ್ತದೆ. ಮಕ್ಕಳಂತೂ ಇನ್ನೂ ನಿಖರ. ಎಷ್ಟೋ ಸಲ ಕಾಯಿಲೆಯ ಹೆಸರು ನನಗೆ ಹೊಳೆದದ್ದು ಒಂದು ಮಗು ಹೇಳಿದ ಒಂದು ಸಣ್ಣ ವಿಷಯದಿಂದ. ನಾಯಿ ಚೆಂಡನ್ನು ಬಲಗಡೆಯಿಂದ ಮಾತ್ರ ಕಚ್ಚುತ್ತದೆ ಅಂತ ಒಬ್ಬಳು ಹುಡುಗಿ ಹೇಳಿದ್ದಳು. ಬಾಯಿ ತೆರೆದು ನೋಡಿದರೆ ಎಡಗಡೆ ದೊಡ್ಡ ಹಲ್ಲು ಸೀಳಿತ್ತು.

ಹಸು ಕರು ಹಾಕಲು ಕಷ್ಟಪಡುವಾಗ ಕರೆಸುತ್ತಾರಲ್ಲ, ಆ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಯಾಕೆಂದರೆ ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಎಲ್ಲ ಕೈಯಿಂದಲೇ ತಿಳಿಯಬೇಕು. ಭುಜದವರೆಗೂ ಸೋಪು ನೀರು ಹಚ್ಚಿಕೊಂಡು ಕೈ ಒಳಗೆ ಹಾಕಿದರೆ ಮೊದಲು ಸಿಗುವುದು ಒಂದು ಗೊರಸು. ಅದು ಮುಂಗಾಲೋ ಹಿಂಗಾಲೋ? ಗೊರಸಿನಿಂದ ಮೇಲಕ್ಕೆ ಬೆರಳಾಡಿಸುತ್ತಾ ಹೋಗಬೇಕು. ಮೊದಲ ಎರಡು ಕೀಲು ಒಂದೇ ಕಡೆ ಮಡಚಿದರೆ ಮುಂಗಾಲು. ಒಂದು ಈ ಕಡೆ, ಇನ್ನೊಂದು ಆ ಕಡೆ ಮಡಚಿದರೆ ಹಿಂಗಾಲು. ಎರಡು ಗೊರಸು ಸಿಕ್ಕಿದ ಮಾತ್ರಕ್ಕೆ ಎಳೆಯುವ ಹಾಗಿಲ್ಲ. ಎರಡೂ ಒಂದೇ ಕರುವಿನದಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅವಳಿ ಇದ್ದರೆ ಒಂದರ ಕಾಲು, ಇನ್ನೊಂದರ ಕಾಲು ಒಟ್ಟಿಗೆ ಬಂದಿರುತ್ತವೆ. ಕರು ಬದುಕಿದೆಯಾ ಅಂತ ತಿಳಿಯಲು ಗೊರಸಿನ ಸೀಳಿನ ನಡುವೆ ಚಿವುಟುತ್ತೇವೆ. ಬದುಕಿದ್ದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಾಯಿ ಸಿಕ್ಕರೆ ನಾಲಿಗೆಯ ಮೇಲೆ ಬೆರಳಿಡುತ್ತೇವೆ. ಇನ್ನೂ ಹುಟ್ಟದ ಕರು ಕತ್ತಲಲ್ಲಿ ನಮ್ಮ ಬೆರಳು ಚೀಪುತ್ತದೆ. ಅದು ಗೊತ್ತಾದ ಕ್ಷಣದಲ್ಲಿ ಮೈಯಲ್ಲಿದ್ದ ದಣಿವು ಎಲ್ಲಿ ಹೋಗುತ್ತದೋ.

ಕುತ್ತಿಗೆ ಹಿಂದಕ್ಕೆ ತಿರುಗಿಕೊಂಡಿರುವ ಕರು ಎಲ್ಲಕ್ಕಿಂತ ಕಷ್ಟ. ಕಾಲೆರಡೂ ಬಂದಿರುತ್ತವೆ, ತಲೆ ಪಕ್ಕೆಯ ಕಡೆ ಹೊರಳಿರುತ್ತದೆ. ಈ ಸ್ಥಿತಿಯಲ್ಲಿ ಎಷ್ಟು ಜನ ಸೇರಿ ಎಳೆದರೂ ಬರುವುದಿಲ್ಲ, ಎಳೆದರೆ ಇಬ್ಬರಿಗೂ ಅಪಾಯ. ಮೊದಲು ಕರುವನ್ನು ಒಳಕ್ಕೆ ದೂಡಬೇಕು. ಹೊರಗೆ ಬರಬೇಕಾದದ್ದನ್ನು ಒಳಗೆ ತಳ್ಳುತ್ತೀರಲ್ಲ ಅಂತ ನಿಂತವರು ಗಾಬರಿಯಾಗುತ್ತಾರೆ. ಜಾಗ ಇಲ್ಲದಿದ್ದರೆ ತಲೆ ತಿರುಗಿಸಲು ಆಗುವುದಿಲ್ಲ. ಹಸು ತಿಣುಕುವುದು ನಿಂತ ಹೊತ್ತಿನಲ್ಲೇ ಈ ಕೆಲಸ ಆಗಬೇಕು. ತಿಣುಕಿದಾಗ ಸೊಂಟದ ಮೂಳೆ ಮತ್ತು ಕರುವಿನ ಮಧ್ಯೆ ನಮ್ಮ ಕೈ ಬಾಗಿಲ ಸಂದಿಗೆ ಸಿಕ್ಕ ಹಾಗೆ ಆಗುತ್ತದೆ. ಬೆರಳು ಮರಗಟ್ಟುತ್ತದೆ. ಕೈ ಬದಲಾಯಿಸಿ ಮತ್ತೆ ಹುಡುಕಬೇಕು. ಕೆಳದವಡೆಯೋ ಕಣ್ಣಿನ ಗುಳಿಯೋ ಸಿಕ್ಕರೆ ಹಿಡಿದು, ಹಲ್ಲು ಗರ್ಭಕೋಶಕ್ಕೆ ತಾಗದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು ತಲೆಯನ್ನು ಸುತ್ತಿ ತರಬೇಕು. ಇದಕ್ಕೆಲ್ಲ ಗಂಡಸರ ಬಲ ಬೇಕು ಅಂತ ನನಗೆ ಕಾಲೇಜಿನಲ್ಲಿ ಬಹಳ ಜನ ಹೇಳಿದ್ದರು. ನಿಜ ಹೇಳಬೇಕೆಂದರೆ ಅಲ್ಲಿ ಸಣ್ಣ ಕೈಯೇ ಅನುಕೂಲ. ಬಲಕ್ಕಿಂತ ತಾಳ್ಮೆ ಜಾಸ್ತಿ ಬೇಕು.

ಹೆಂಗಸರ ಮಾತು ಬಂದದ್ದಕ್ಕೆ ಒಬ್ಬರನ್ನು ನೆನೆಯಬೇಕು. ಅಲೀನ್ ಕಸ್ಟ್ ಅಂತ, ಐರ್ಲೆಂಡಿನವರು. 1900ರಲ್ಲೇ ಪಶುವೈದ್ಯದ ಓದು ಮುಗಿಸಿ ಕೆಲಸ ಮಾಡುತ್ತಿದ್ದರು. ಆದರೆ ಹೆಣ್ಣು ಅನ್ನುವ ಕಾರಣಕ್ಕೆ ಬ್ರಿಟನ್ನಿನ ಪಶುವೈದ್ಯರ ಸಂಸ್ಥೆ ಅವರಿಗೆ ಪರೀಕ್ಷೆಗೆ ಕೂರಲು ಬಿಟ್ಟಿರಲಿಲ್ಲ. ಕೊನೆಗೆ ಅಧಿಕೃತ ಪದವಿ ಸಿಕ್ಕಿದ್ದು 1922ರಲ್ಲಿ. ಅಷ್ಟು ವರ್ಷ ಕಾಗದವಿಲ್ಲದೆ ಹಳ್ಳಿಯ ಕುದುರೆ, ದನಗಳನ್ನು ನೋಡಿಕೊಂಡರು. ಇವತ್ತು ಎಷ್ಟೋ ದೇಶಗಳಲ್ಲಿ ಪಶುವೈದ್ಯಕೀಯ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ನಾನು ಕೈಗವಸು ಹಾಕಿಕೊಳ್ಳುವಾಗ ಅವರ ನೆನಪು ಬರುವುದುಂಟು.

ಕರು ಹೊರಗೆ ಬಂದ ಮೇಲೆ ಅದರ ಎದೆ ನೆಲಕ್ಕೆ ಊರುವ ಹಾಗೆ ಕೂರಿಸಿ, ಒಣಹುಲ್ಲಿನಿಂದ ಉಜ್ಜಿ, ಮೂಗಿನೊಳಗೆ ಹುಲ್ಲಿನ ಕಡ್ಡಿ ಆಡಿಸಿದರೆ ಸೀನುತ್ತದೆ. ಆ ಸೀನು ಕೇಳಿಸಿದರೆ ಎಲ್ಲರೂ ಉಸಿರು ಬಿಡುತ್ತಾರೆ. ನಾನು ಅಲ್ಲಿಂದ ಹೊರಡುವ ಮುಂಚೆ ಮತ್ತೆ ಮತ್ತೆ ಹೇಳುವುದು ಗಿಣ್ಣದ ಹಾಲಿನ ವಿಷಯ. ಹಸುವಿನ ಮಾಸಿನ ಮೂಲಕ ರೋಗ ತಡೆಯುವ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಕರು ಹುಟ್ಟುವಾಗ ರಕ್ಷಣೆಯೇ ಇಲ್ಲದೆ ಹುಟ್ಟುತ್ತದೆ. ಅದಕ್ಕೆ ಬೇಕಾದ್ದೆಲ್ಲ ಮೊದಲ ಹಾಲಿನಲ್ಲಿದೆ. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಒಂದೇ ದಿನ, ಅದೂ ಗಂಟೆ ಗಂಟೆಗೆ ಕಡಿಮೆಯಾಗುತ್ತಾ ಹೋಗುತ್ತದೆ. ಮಾಸು ಬಿದ್ದ ಮೇಲೆ ಕುಡಿಸೋಣ ಅಂತ ಕಾಯಬೇಡಿ. ಕರು ತಲೆ ಎತ್ತಿದ ಕೂಡಲೇ ಕುಡಿಸಿ.

ಈ ಕೆಲಸದಲ್ಲಿ ತಕ್ಷಣ ಸಿಗುವ ಸಂತೋಷ ಅಂದರೆ ಹಾಲು ಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಿರುತ್ತದೆ. ಕರು ಹಾಕಿದ ಒಂದೆರಡು ದಿನದಲ್ಲಿ ಹೆಚ್ಚು ಹಾಲು ಕೊಡುವ ಹಸು ಇದ್ದಕ್ಕಿದ್ದಂತೆ ಬಿದ್ದುಬಿಡುತ್ತದೆ. ಕುತ್ತಿಗೆ ಪಕ್ಕೆಗೆ ಮಡಚಿಕೊಂಡು, ಕಿವಿ ತಣ್ಣಗಾಗಿ, ಕಣ್ಣು ಮಂಕಾಗಿ ಮಲಗಿರುತ್ತದೆ. ಮನೆಯವರು ಆಸೆ ಬಿಟ್ಟಿರುತ್ತಾರೆ. ರಕ್ತದಲ್ಲಿದ್ದ ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಹೋದದ್ದೇ ಇದಕ್ಕೆ ಕಾರಣ. ಕಾರಣ ಗೊತ್ತಿಲ್ಲದ ಕಾಲದಲ್ಲಿ ಹೀಗೆ ಬಿದ್ದ ಹಸುಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವು. 1897ರಲ್ಲಿ ಡೆನ್ಮಾರ್ಕಿನ ಶ್ಮಿಟ್ ಅನ್ನುವ ಪಶುವೈದ್ಯರು ಕೆಚ್ಚಲಿನೊಳಗೆ ಔಷಧಿ ನೀರು ತುಂಬಿಸಿ ನೋಡಿದರು, ಹಸುಗಳು ಎದ್ದವು. ಆಮೇಲೆ ಬರೀ ಗಾಳಿ ತುಂಬಿದರೂ ಏಳುತ್ತವೆ ಅಂತ ತಿಳಿಯಿತು. ಕೆಚ್ಚಲು ತುಂಬಿದರೆ ಹಾಲು ಇಳಿಯುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಕೊರತೆಯೇ ಕಾರಣ ಅಂತ ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೇಗ್ ಹೇಳಿದ್ದು 1925ರಲ್ಲಿ. ಈಗ ನಾವು ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕುತ್ತೇವೆ. ಒಂದು ಕೈಯಲ್ಲಿ ಬಾಟಲಿ, ಕಿವಿಯಲ್ಲಿ ಸ್ಟೆತಾಸ್ಕೋಪ್. ಬೇಗ ಬಿಟ್ಟರೆ ಹೃದಯ ನಿಂತುಬಿಡಬಹುದು, ಅದಕ್ಕೆ ಬಡಿತ ಕೇಳುತ್ತಲೇ ಹನಿಹನಿಯಾಗಿ ಬಿಡಬೇಕು. ಅರ್ಧ ಬಾಟಲಿ ಹೋಗುವಷ್ಟರಲ್ಲಿ ಮೈ ನಡುಗುತ್ತದೆ. ತೇಗು ಬರುತ್ತದೆ. ಸಗಣಿ ಹಾಕುತ್ತದೆ. ಮೂತಿಯ ಮೇಲೆ ಬೆವರಿನ ಹನಿ ಮೂಡುತ್ತದೆ. ಆಮೇಲೆ ಹಿಂಗಾಲು ಊರಿ ಎದ್ದು ನಿಂತು ಕರುವಿನ ಕಡೆ ತಿರುಗುತ್ತದೆ.

ಇಂಥ ದಿನ ಮನೆಗೆ ಬಂದರೆ ಮುಖ ನೋಡಿಯೇ ಗೊತ್ತಾಗುತ್ತದೆ ಅಂತಾರೆ ನಮ್ಮ ಮನೆಯವರು. ಅವರು ವೈದ್ಯರಲ್ಲ. ಆದರೆ ಇಷ್ಟು ವರ್ಷ ನನ್ನ ಫೋನ್ ತೆಗೆದುಕೊಂಡು ಅರ್ಧ ವೈದ್ಯರಾಗಿದ್ದಾರೆ. ನಾನು ಸ್ನಾನಕ್ಕೆ ಹೋಗಿದ್ದಾಗ, ಗಾಡಿ ಓಡಿಸುತ್ತಿದ್ದಾಗ ಅವರೇ ಕೇಳುತ್ತಾರೆ. "ಉಸಿರಾಟ ಹೇಗಿದೆ? ತುಟಿ ಎತ್ತಿ ನೋಡಿ, ಒಸಡು ಯಾವ ಬಣ್ಣ ಇದೆ? ಕೊನೇ ಸಲ ಉಚ್ಚೆ ಹೊಯ್ದದ್ದು ಯಾವಾಗ?" ಒಂದು ರಾತ್ರಿ ಒಬ್ಬರು ಫೋನ್ ಮಾಡಿ ದೊಡ್ಡ ನಾಯಿ ಓಕರಿಸುತ್ತಿದೆ, ವಾಂತಿ ಬರುತ್ತಿಲ್ಲ, ಬೆಳಿಗ್ಗೆ ಕರೆದುಕೊಂಡು ಬರಲೇ ಅಂತ ಕೇಳಿದ್ದರು. "ಹೊಟ್ಟೆ ಉಬ್ಬಿದೆಯಾ?" ಅಂತ ಇವರು ಕೇಳಿದರು. ಹೌದು ಅಂದದ್ದಕ್ಕೆ "ಈಗಲೇ ಹೊರಡಿ, ನಾನು ಅವರನ್ನು ಕಳಿಸ್ತೀನಿ" ಅಂದು ನನ್ನ ಕೋಣೆಯ ಬಾಗಿಲು ಬಡಿದರು. ಎದೆ ಆಳವಾಗಿರುವ ದೊಡ್ಡ ತಳಿಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ. ಬೆಳಿಗ್ಗೆವರೆಗೆ ಕಾದರೆ ಉಳಿಯುವುದಿಲ್ಲ. ಆ ನಾಯಿ ಉಳಿಯಿತು. ಅದರ ಯಜಮಾನರು ನನಗೆ ಕೈಮುಗಿದರು. ನಾನು ಮನೆಗೆ ಬಂದು ಇವರಿಗೆ ಹೇಳಿದೆ.

ಪಶುವೈದ್ಯರ ಮನೆಯವರ ಬಗ್ಗೆ ಯಾರೂ ಬರೆಯುವುದಿಲ್ಲ. ಆದ್ದರಿಂದ ನಾನಾದರೂ ಬರೆಯುತ್ತೇನೆ. ನಮ್ಮ ಬಟ್ಟೆ ಬೇರೆ ಒಗೆಯಬೇಕು. ಚಪ್ಪಲಿ ಒಳಗೆ ಬರುವ ಹಾಗಿಲ್ಲ. ಇದು ಬರೀ ವಾಸನೆಯ ವಿಷಯವಲ್ಲ. ಕಂದು ಹಾಕಿದ ಹಸುವಿನ ಮಾಸಿನಲ್ಲಿ ಬ್ರುಸೆಲ್ಲಾ ಅನ್ನುವ ರೋಗಾಣು ಇರಬಹುದು. ಅದು ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಬೆವರು, ತಿಂಗಳುಗಟ್ಟಲೆ ಬಿಡುವುದಿಲ್ಲ. ಅದರ ಲಸಿಕೆ ಹಾಕುವಾಗ ಸೂಜಿ ನಮ್ಮ ಬೆರಳಿಗೆ ಚುಚ್ಚಿದರೂ ರೋಗ ಬರಬಹುದು, ಯಾಕೆಂದರೆ ಆ ಲಸಿಕೆಯಲ್ಲಿ ಇರುವುದು ಜೀವಂತ ರೋಗಾಣು. ನನ್ನ ಜೊತೆ ಓದಿದ ಒಬ್ಬ ಗೆಳೆಯ ಹೀಗೆ ಬಹಳ ದಿನ ಮಲಗಿದ್ದ.

ರೇಬೀಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ. ಜನರ ಮನಸ್ಸಿನಲ್ಲಿ ರೇಬೀಸ್ ಅಂದರೆ ಕಂಡಕಂಡವರನ್ನು ಕಚ್ಚುತ್ತಾ ಓಡುವ ನಾಯಿ. ಇನ್ನೊಂದು ರೂಪ ಇದೆ, ಅದು ಮೋಸದ್ದು. ನಾಯಿ ಸುಮ್ಮನೆ ಮೂಲೆಯಲ್ಲಿ ಕೂತಿರುತ್ತದೆ, ಕೆಳದವಡೆ ಜೋತುಬಿದ್ದಿರುತ್ತದೆ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅಂತ ಮನೆಯವರು ಬಾಯಿಗೆ ಕೈ ಹಾಕಿಬಿಡುತ್ತಾರೆ. ಹಸುವಿನಲ್ಲೂ ಹೀಗೇ. ನುಂಗಲಾಗದೆ ಜೊಲ್ಲು ಸುರಿಸುತ್ತಿರುವ ಪ್ರಾಣಿಯ ಬಾಯಿಗೆ ಬರಿಗೈ ಹಾಕಬೇಡಿ. ಇದನ್ನು ಓದಿ ಒಬ್ಬರು ನೆನಪಿಟ್ಟುಕೊಂಡರೂ ಈ ಬರಹ ಸಾರ್ಥಕ. ನಾವು ಪಶುವೈದ್ಯರು ಕಚ್ಚಿಸಿಕೊಳ್ಳುವ ಮೊದಲೇ ಲಸಿಕೆ ಹಾಕಿಸಿಕೊಂಡಿರುತ್ತೇವೆ. ಆದರೂ ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ 15 ನಿಮಿಷ ತೊಳೆದು ಮತ್ತೆ ಚುಚ್ಚುಮದ್ದಿಗೆ ಹೋಗುತ್ತೇವೆ.

ಹೆಮ್ಮೆಪಡುವ ವಿಷಯವೂ ಇದೆ. ದನಗಳ ದೊಡ್ಡ ರೋಗ, ಅಂದರೆ ರಿಂಡರ್‌ಪೆಸ್ಟ್, ಶತಮಾನಗಳ ಕಾಲ ಹಿಂಡು ಹಿಂಡಾಗಿ ದನಗಳನ್ನು ಕೊಂದಿತು. ದನ ಸತ್ತರೆ ಉಳುಮೆ ಇಲ್ಲ, ಉಳುಮೆ ಇಲ್ಲದಿದ್ದರೆ ಜನರಿಗೂ ಬರಗಾಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ 1761ರಲ್ಲಿ ಕ್ಲೋಡ್ ಬೂರ್ಜೆಲಾ ಮೊದಲ ಪಶುವೈದ್ಯ ಶಾಲೆ ಶುರುಮಾಡಲು ಈ ರೋಗವೂ ಒಂದು ಕಾರಣ. ವಾಲ್ಟರ್ ಪ್ಲೌರೈಟ್ ಅನ್ನುವ ಪಶುವೈದ್ಯರು ಕೀನ್ಯಾದಲ್ಲಿದ್ದಾಗ ಅಗ್ಗದ, ನಂಬಬಹುದಾದ ಲಸಿಕೆ ತಯಾರಿಸಿದರು. 2011ರಲ್ಲಿ ಈ ರೋಗ ಭೂಮಿಯಿಂದಲೇ ಹೋಯಿತು ಅಂತ ಘೋಷಣೆಯಾಯಿತು. ಮನುಷ್ಯರು ಪೂರ್ತಿ ಅಳಿಸಿದ ರೋಗಗಳು ಎರಡೇ. ಮೊದಲನೆಯದು ಸಿಡುಬು, ಎರಡನೆಯದು ಇದು. ಕಾಡುಮೇಡು ಅಲೆದು, ಬೆನ್ನಿಗೆ ಐಸ್ ಡಬ್ಬಿ ಕಟ್ಟಿಕೊಂಡು ಒಂದೊಂದೇ ದನಕ್ಕೆ ಚುಚ್ಚಿದವರ ಹೆಸರು ಎಲ್ಲೂ ಇಲ್ಲ. ಅವರ ದೆಸೆಯಿಂದ ಈ ರೋಗವನ್ನು ನಾನು ಕಣ್ಣಲ್ಲಿ ನೋಡಬೇಕಾಗಿ ಬರಲಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ದುಡ್ಡು. ಚಿಕಿತ್ಸೆ ಇದೆ, ನನಗೆ ಮಾಡಲೂ ಬರುತ್ತದೆ, ಎದುರಿಗಿರುವವರ ಹತ್ತಿರ ಅಷ್ಟು ಹಣ ಇಲ್ಲ. ಇಂಥದ್ದು ವಾರವಾರ ಎದುರಾಗುತ್ತದೆ. "ಪ್ರಾಣಿಗಳ ಮೇಲೆ ಪ್ರೀತಿ ಇದ್ದರೆ ಸುಮ್ನೆ ಮಾಡಿ" ಅಂತ ಸಿಟ್ಟಿನಲ್ಲಿ ಹೇಳುತ್ತಾರೆ. ಅವರ ಸಿಟ್ಟು ನನ್ನ ಮೇಲಲ್ಲ, ಅವರ ಅಸಹಾಯಕತೆಯ ಮೇಲೆ ಅಂತ ನನಗೆ ಗೊತ್ತು. ಆದರೂ ಚುಚ್ಚುತ್ತದೆ. ಪ್ರೀತಿ ಇಲ್ಲದೆ ಯಾರು ಈ ಕೆಲಸಕ್ಕೆ ಬರುತ್ತಾರೆ? ಔಷಧಿಗೆ, ದಾರಕ್ಕೆ, ಅರಿವಳಿಕೆಗೆ, ಸಹಾಯಕರ ಸಂಬಳಕ್ಕೆ ಪ್ರೀತಿಯಿಂದ ಲೆಕ್ಕ ಚುಕ್ತಾ ಆಗುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು. ಅತ್ಯುತ್ತಮ ಚಿಕಿತ್ಸೆ ಒಂದನ್ನೇ ಮುಂದಿಟ್ಟು, ಅದು ಆಗದಿದ್ದರೆ ನೀವು ಕೆಟ್ಟವರು ಅನ್ನುವ ಹಾಗೆ ಮಾಡಬಾರದು. ಕಾಲು ಮುರಿದ ಬೆಕ್ಕಿಗೆ ಪ್ಲೇಟ್ ಹಾಕುವುದು ಒಂದು ದಾರಿ. ಕೆಲವು ಮುರಿತಗಳಿಗೆ ಸಣ್ಣ ಗೂಡಿನಲ್ಲಿ ಆರು ವಾರ ಕೂಡಿಟ್ಟರೂ ಸಾಕು. ಕಾಲು ತೆಗೆದರೂ ಮೂರು ಕಾಲಿನಲ್ಲಿ ಬೆಕ್ಕು ಗೋಡೆ ಹತ್ತುತ್ತದೆ. ಮೂರನ್ನೂ ಹೇಳಬೇಕು. ತಲೆ ತಗ್ಗಿಸದೆ ಆರಿಸಿಕೊಳ್ಳುವ ಹಾಗೆ ಹೇಳಬೇಕು.

ಇದೆಲ್ಲ ಒಳಗೆ ಶೇಖರವಾಗುತ್ತದೆ. ಅಮೆರಿಕದಲ್ಲಿ 1979ರಿಂದ 2015ರವರೆಗೆ ತೀರಿಕೊಂಡ ಪಶುವೈದ್ಯರ ದಾಖಲೆಗಳನ್ನು ನೋಡಿದ ಅಧ್ಯಯನವೊಂದಿದೆ. ಸಾಮಾನ್ಯ ಜನರಿಗೆ ಹೋಲಿಸಿದರೆ ಆತ್ಮಹತ್ಯೆಯಿಂದ ಸತ್ತವರ ಪ್ರಮಾಣ ಗಂಡಸರಲ್ಲಿ 2.1 ಪಟ್ಟು, ಹೆಂಗಸರಲ್ಲಿ 3.5 ಪಟ್ಟು ಜಾಸ್ತಿ ಇತ್ತು. ಈ ಅಂಕಿಯನ್ನು ಓದಿದ ದಿನ ನಾನು ನನ್ನ ಬ್ಯಾಚಿನವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಕೆಲಸದ ಬಗ್ಗೆ ಅಲ್ಲ, ಹೇಗಿದ್ದೀರಿ ಅಂತ ಕೇಳಲು. ಇಬ್ಬರು ಬಹಳ ಹೊತ್ತು ಮಾತಾಡಿದರು. ಒಬ್ಬರು ಆಮೇಲೆ ಮನೋವೈದ್ಯರನ್ನು ನೋಡಿದರು, ಈಗ ಚೆನ್ನಾಗಿದ್ದಾರೆ. ಇದನ್ನು ಓದುತ್ತಿರುವ ಪಶುವೈದ್ಯರು ಯಾರಾದರೂ ಒಳಗೊಳಗೇ ಸೋಲುತ್ತಿದ್ದರೆ, ದಯವಿಟ್ಟು ಯಾರ ಹತ್ತಿರವಾದರೂ ಹೇಳಿ. ನಿಮ್ಮ ಕೈಯಲ್ಲಿ ಉಳಿಯದ ಪ್ರಾಣಿಗಳ ಲೆಕ್ಕವನ್ನು ಒಬ್ಬರೇ ಹೊತ್ತು ತಿರುಗಬೇಡಿ.

ಆ ಪ್ರಶ್ನೆಗೆ ಬರೋಣ. ಅದು ಬರುವುದು ಸಾಮಾನ್ಯವಾಗಿ ಎಲ್ಲ ಪರೀಕ್ಷೆ ಮುಗಿದ ಮೇಲೆ. ನಾಯಿಗೆ ವಯಸ್ಸಾಗಿದೆ. ಗೆಡ್ಡೆ ಹರಡಿದೆ, ಇಲ್ಲವೇ ಮೂತ್ರಪಿಂಡ ಕೈಕೊಟ್ಟಿದೆ. ಇನ್ನೂ ಸ್ವಲ್ಪ ದಿನ ಎಳೆಯಬಹುದು, ದಯಾಮರಣ ಕೊಡಿಸಲೂಬಹುದು. ನಾನು ಎರಡನ್ನೂ ಹೇಳಿ ಮುಗಿಸುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಕೇಳುತ್ತಾರೆ. "ನಿಮ್ಮದೇ ನಾಯಿ ಆಗಿದ್ರೆ ಏನ್ ಮಾಡ್ತಿದ್ರಿ?"

ನಮಗೆ ಕಲಿಸಿದ್ದು ಇದಕ್ಕೆ ನೇರ ಉತ್ತರ ಕೊಡಬೇಡಿ ಅಂತ. ತೀರ್ಮಾನ ಮನೆಯವರದು, ನಾವು ಮಾಹಿತಿ ಕೊಡುವವರು ಅಷ್ಟೇ. ಅದರಲ್ಲಿ ಅರ್ಥ ಇಲ್ಲ ಅಂತ ಹೇಳುವುದಿಲ್ಲ. ಆದರೆ ನಮ್ಮ ಮನೆಯ ನಾಯಿಗೇ ಮೂತ್ರಪಿಂಡ ಹೋದಾಗ ಆ ಕಡೆ ನಿಂತು ನೋಡಿದೆ. ಹದಿನಾಲ್ಕು ದಾಟಿತ್ತು. ರಕ್ತ ಪರೀಕ್ಷೆಯ ಅಂಕಿ ನನಗೇ ಅರ್ಥವಾಗುತ್ತಿತ್ತು, ಚರ್ಮದಡಿಯ ಡ್ರಿಪ್ ನಾನೇ ಕೊಡುತ್ತಿದ್ದೆ, ವಾಂತಿ ನಿಲ್ಲಿಸುವ ಔಷಧಿ ಕೈಯಳತೆಯಲ್ಲೇ ಇತ್ತು. ತೀರ್ಮಾನ ಮಾತ್ರ ಆಗುತ್ತಿರಲಿಲ್ಲ. ಬೆಳಿಗ್ಗೆ ಬಾಲ ಆಡಿಸಿದರೆ ಇನ್ನೂ ಸಮಯ ಇದೆ ಅನ್ನಿಸುತ್ತಿತ್ತು. ಸಂಜೆ ತಲೆ ಎತ್ತದಿದ್ದರೆ ನಾಳೆಯೇ ಅನ್ನಿಸುತ್ತಿತ್ತು. ಕೊನೆಗೆ ನನಗಿಂತ ಹಿರಿಯರಾದ ಒಬ್ಬ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅದೇ ಪ್ರಶ್ನೆ ಕೇಳಿದೆ. "ಸರ್, ನಿಮ್ಮದಾಗಿದ್ರೆ?" ಅವರು ಸುತ್ತಿ ಬಳಸಲಿಲ್ಲ. ಒಸಡು ನೋಡಿದರು, ಬಾಯಿಯ ಹುಣ್ಣು ನೋಡಿದರು, ಚರ್ಮ ಎತ್ತಿ ಬಿಟ್ಟರು. "ನಾನಾಗಿದ್ರೆ ಈ ವಾರವೇ ಅದನ್ನ ಹೋಗೋಕೆ ಬಿಡ್ತಿದ್ದೆನಮ್ಮ" ಅಂದರು. ನನ್ನ ಮೇಲಿನ ಭಾರ ಪೂರ್ತಿ ಇಳಿಯಲಿಲ್ಲ. ಆದರೆ ಅದರ ಒಂದು ತುದಿ ಅವರು ಹಿಡಿದುಕೊಂಡರು. ಆ ಉತ್ತರ ಕೊಡದೆ ಕಾಗದದ ಮೇಲಿನ ಅಂಕಿ ಮಾತ್ರ ಓದಿ ಹೇಳಿದ್ದರೆ ನಾನು ಒಂಟಿಯಾಗಿ ವಾಪಸ್ ಬರುತ್ತಿದ್ದೆ.

ಆಮೇಲಿಂದ ನಾನು ಉತ್ತರ ಕೊಡುತ್ತೇನೆ. ಆದರೆ ಉತ್ತರಿಸುವ ಮೊದಲು ಕೇಳುತ್ತೇನೆ. ರಾತ್ರಿ ಯಾರು ಏಳುತ್ತೀರಿ? ಮೆಟ್ಟಿಲು ಎಷ್ಟು, ಹೊರಗೆ ಎತ್ತಿಕೊಂಡು ಹೋಗುವವರು ಯಾರು? ಮನೆಯಲ್ಲಿ ಬೇರೆ ಯಾರಿಗಾದರೂ ಹುಷಾರಿಲ್ಲವಾ? ಖರ್ಚು ಎಲ್ಲಿಗೆ ನಿಲ್ಲಬೇಕು? ಯಾಕೆಂದರೆ ನನ್ನ ನಾಯಿಗೆ ನಾನಿದ್ದೆ. ರಾತ್ರಿ ಎರಡು ಗಂಟೆಗೆ ಸೂಜಿ ಹಾಕಲು ಬರುತ್ತಿತ್ತು. ಅವರಿಗೆ ಬರುವುದಿಲ್ಲ. ನನ್ನದಾಗಿದ್ದರೆ ಏನು ಮಾಡುತ್ತಿದ್ದೆ ಅನ್ನುವುದಕ್ಕಿಂತ ಅವರ ಮನೆಯಲ್ಲಿ, ಅವರ ಕೈಯಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅನ್ನುವುದು ಸರಿಯಾದ ಲೆಕ್ಕ. ಹಾಲಿನಿಂದಲೇ ಮನೆ ನಡೆಸುವವರು ಹಸುವಿನ ಬಗ್ಗೆ ಕೇಳಿದಾಗಲೂ ಹೀಗೇ. ಆ ಹಸು ಏಳದಿದ್ದರೆ ಅವರ ಮುಂದಿನ ತಿಂಗಳು ಹೇಗೆ ಅನ್ನುವುದು ನನ್ನ ಉತ್ತರದೊಳಗೆ ಇರಲೇಬೇಕು.

ದಯಾಮರಣದ ಹೊತ್ತಿನಲ್ಲಿ ಪಕ್ಕದಲ್ಲಿ ಇರಬೇಕಾ ಅಂತಲೂ ಕೇಳುತ್ತಾರೆ. ಆಗುವುದಾದರೆ ಇರಿ ಅನ್ನುತ್ತೇನೆ. ಏನಾಗುತ್ತದೆ ಅಂತ ಮುಂಚೆಯೇ ಹೇಳಿಬಿಡುತ್ತೇನೆ, ಗೊತ್ತಿಲ್ಲದೆ ನೋಡಿದರೆ ಹೆದರಿಕೆಯಾಗುತ್ತದೆ. ಮೊದಲು ಮಂಪರಿನ ಔಷಧಿ. ನಿದ್ದೆ ಬಂದ ಮೇಲೆ ಅರಿವಳಿಕೆಯದೇ ಹೆಚ್ಚಿನ ಪ್ರಮಾಣ. ಮೊದಲು ಎಚ್ಚರ ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ. ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಎಲ್ಲ ಮುಗಿದ ಮೇಲೂ ಒಮ್ಮೊಮ್ಮೆ ದೀರ್ಘ ಉಸಿರು ಎಳೆದ ಹಾಗೆ ಕಾಣಬಹುದು, ಅದು ಸ್ನಾಯುಗಳ ಸೆಳೆತ. ಅದಕ್ಕೆ ಆಗ ನೋವಿಲ್ಲ. ಇರಲಾಗದವರು ಹೊರಗಿದ್ದರೂ ತಪ್ಪಿಲ್ಲ. ಅವರು ಹೊರಗಿರುವಾಗ ಆ ನಾಯಿಯ ತಲೆ ನನ್ನ ತೊಡೆಯ ಮೇಲಿರುತ್ತದೆ, ಹೆಸರು ಹಿಡಿದು ಮಾತಾಡಿಸುತ್ತೇನೆ. ಇದನ್ನು ಅವರಿಗೆ ಹೇಳಿಯೇ ಕಳಿಸುತ್ತೇನೆ.

ದಿನ ಗೊತ್ತುಮಾಡಲು ಆಗದವರಿಗೆ ಒಂದು ಕೆಲಸ ಕೊಡುತ್ತೇನೆ. ಆಲಿಸ್ ವಿಲಲೋಬೋಸ್ ಅನ್ನುವ ಪಶುವೈದ್ಯೆ 2004ರಲ್ಲಿ ಒಂದು ಪಟ್ಟಿ ಮಾಡಿದ್ದಾರೆ. ನೋವು, ಹಸಿವು, ನೀರು, ಮೈ ಶುಚಿ, ಖುಷಿ, ಓಡಾಟ, ಒಳ್ಳೆಯ ದಿನಗಳು ಹೆಚ್ಚಿವೆಯಾ ಅನ್ನುವುದು, ಈ ಏಳಕ್ಕೆ ಅಂಕ ಕೊಡುವುದು. ಏಳು ಜಾಸ್ತಿ ಅನ್ನಿಸಿದರೆ ಕ್ಯಾಲೆಂಡರ್ ಸಾಕು. ರಾತ್ರಿ ಮಲಗುವ ಮುನ್ನ ಆ ದಿನದ ಮೇಲೆ ಒಂದು ಗುರುತು. ಒಳ್ಳೆಯ ದಿನವಾಗಿದ್ದರೆ ರೈಟ್, ಕೆಟ್ಟದಾಗಿದ್ದರೆ ತಪ್ಪು. ನೆನಪು ನಮಗೆ ಬೇಕಾದ ಹಾಗೆ ತಿರುಗುತ್ತದೆ, ಕ್ಯಾಲೆಂಡರ್ ತಿರುಗುವುದಿಲ್ಲ.

ಹೋದ ತಿಂಗಳು ಒಂದು ಮನೆಯವರು ಆ ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ತಂದಿದ್ದರು. ಗುರುತು ಹಾಕಿದ್ದು ಮಗ, ಆರನೇ ಕ್ಲಾಸಿನ ಹುಡುಗ. ಮೊದಲ ವಾರ ಎಲ್ಲ ರೈಟ್. ಆಮೇಲೆ ನಡುನಡುವೆ ತಪ್ಪು. ಒಂದು ದಿನದ ಮೇಲೆ ರೈಟ್ ಹಾಕಿ ಹೊಡೆದುಹಾಕಿ, ಮತ್ತೆ ರೈಟ್ ಹಾಕಿದ್ದ. ಅದು ಏನು ಅಂತ ಕೇಳಿದೆ. "ಆವತ್ತು ತಿನ್ಲಿಲ್ಲ, ಅಮ್ಮ ತಪ್ಪು ಅಂದ್ರು. ಆದ್ರೆ ನಾನು ಸ್ಕೂಲಿಂದ ಬಂದಾಗ ಗೇಟ್ ತನಕ ನಡ್ಕೊಂಡು ಬಂತು" ಅಂದ. ಅವನ ಅಮ್ಮ ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು. ನಾನು ಎಣಿಸಿದೆ. ರೈಟ್ ಇನ್ನೂ ಹೆಚ್ಚಿತ್ತು. ನೋವಿನ ಔಷಧಿ ಸ್ವಲ್ಪ ಹೆಚ್ಚಿಸಿ, ವಾಂತಿಗೆ ಬೇರೆ ಮಾತ್ರೆ ಬರೆದೆ. ಜಾರದಿರಲಿ ಅಂತ ನೆಲಕ್ಕೆ ಚಾಪೆ ಹಾಸಲು ಹೇಳಿದೆ. "ಈಗಲೇ ಬೇಡ. ಮೂರು ದಿನ ಸಾಲಾಗಿ ತಪ್ಪು ಬಂದ್ರೆ ನಾನಾಗಿದ್ರೆ ಕಾಯಲ್ಲ" ಅಂದೆ. ಹುಡುಗ ತಲೆಯಾಡಿಸಿ, "ಸಾಲಾಗಿ ಮೂರು" ಅಂತ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡ.